ಗದ್ದೆ ಸೈಟಾಗುವ ಮೊದಲು ಬಸಿಗಾಲುವೆ ಉಳಿಸಿ

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆ, ಹರಿಹರ ಎರಡೂ ಇನ್ನೇನು ಒಂದೇ ಊರಾಗುತ್ತವೆ ಅಂತ ಎಲ್ಲರೂ ಖುಷಿಯಿಂದ ಮಾತಾಡುತ್ತಿದ್ದಾರೆ. ನಾನು ಬಾತಿ ಕಡೆಯವನು. ಊರು ಬೆಳೆಯಬಾರದು ಅಂತ ನಾನು ಹೇಳಲ್ಲ, ಮಕ್ಕಳಿಗೆ ಮನೆ ಬೇಕು, ಸೈಟ್ ಬೇಕು. ಆದರೆ ಭದ್ರಾ ನೀರು ಹರಿಯುವ ಗದ್ದೆಗಳಲ್ಲಿ ಲೇಔಟ್ ಏಳುತ್ತಿರುವ ರೀತಿ ನೋಡಿದರೆ ನಿಜಕ್ಕೂ ಭಯವಾಗುತ್ತದೆ.

ಇದೇ ದಾರಿ ಹಿಡಿದ ಇನ್ನೊಂದು ಊರಿದೆ. ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದ ಶಗ್ವಾನಸ್. 1845ರಿಂದ 1917ರವರೆಗೆ ನಮ್ಮ ದೇಶದಿಂದ ಹಡಗು ಹತ್ತಿಸಿ ಕೂಲಿಗೆ ಕರೆದೊಯ್ದ ಜನ, ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರದ ಕಡೆಯವರು, ಕಬ್ಬು ಕಡಿದು ಬದುಕಿದ ಸೀಮೆ ಅದು. ಅಲ್ಲಿನ ಮೇನ್ ರೋಡಿನಲ್ಲಿ ಪಂಡಿತರೊಬ್ಬರು 1926ರಲ್ಲಿ ಕಟ್ಟಿಸಿದ ಬಿಳಿ ಮನೆ ಇವತ್ತೂ ಇದೆ, ಸಿಂಹದ ಮೂರ್ತಿಗಳಿರುವುದರಿಂದ ಲಯನ್ ಹೌಸ್ ಅಂತಲೇ ಹೆಸರು. ಆಗ ಅದು ಕಬ್ಬಿನ ಗದ್ದೆಗಳ ನಡುವಿನ ಸಣ್ಣ ಊರು, ಅಷ್ಟೇ.

ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಅಲ್ಲಿಂದ ಸುಮಾರು 20 ಕಿ.ಮೀ. ರೈಲಿತ್ತು, 1968ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಆಮೇಲೆ ಓಡಾಟಕ್ಕೆ ಹೆದ್ದಾರಿಯೇ ಗತಿಯಾಯಿತು. ರಾಜಧಾನಿಯಲ್ಲಿ ಕೆಲಸ, ಶಗ್ವಾನಸ್‌ನಲ್ಲಿ ಮನೆ ಅನ್ನುವವರು ಜಾಸ್ತಿಯಾದರು, ಅವರ ಹಿಂದೆ ಮಾಲ್‌ಗಳೂ ಬಂದವು. 1990ರಲ್ಲಿ ಊರಿಗೆ ಪುರಸಭೆಯ ಸ್ಥಾನ ಸಿಕ್ಕಿತು. 2003ರಲ್ಲಿ ಕರೋನಿ ಅನ್ನುವ ಸರ್ಕಾರಿ ಸಕ್ಕರೆ ಕಂಪನಿ ಬಾಗಿಲು ಹಾಕಿದಾಗ ಸುಮಾರು 9 ಸಾವಿರ ಜನರ ಕೆಲಸ ಹೋಯಿತು. (ಕಾರ್ಖಾನೆ ಮುಚ್ಚಿದರೆ ಏನಾಗುತ್ತದೆ ಅಂತ ಕಾಟನ್ ಮಿಲ್ ಕಂಡ ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ.) 2011ರ ಜನಗಣತಿ ಹೊತ್ತಿಗೆ ಶಗ್ವಾನಸ್‌ನಲ್ಲಿ 83 ಸಾವಿರಕ್ಕೂ ಹೆಚ್ಚು ಜನ. ರಾಜಧಾನಿಯ ನಗರದ ಗಡಿಯೊಳಗೆ ಇದ್ದದ್ದು 37 ಸಾವಿರ! ಇಷ್ಟಾದರೂ ಬೆಳಿಗ್ಗೆ ಆದರೆ ಸಾಕು, ಹೆದ್ದಾರಿ ತುಂಬ ರಾಜಧಾನಿ ಕಡೆ ಹೊರಟ ಕಾರುಗಳ ಸಾಲು.

ನನ್ನ ಚಿಂತೆ ಇರುವುದು ನೀರಿನ ಬಗ್ಗೆ. ಅದು ಚಪ್ಪಟೆ ಬಯಲು. ಕಬ್ಬು ಹಾಕುವ ಕಾಲದಲ್ಲಿ ಮಣ್ಣನ್ನು ಎತ್ತರಿಸಿ ಮಡಿ ಮಾಡಿ, ನಡುನಡುವೆ ಹೆಚ್ಚಾದ ನೀರು ಹೊರಗೆ ಹೋಗಲು ಬಸಿಗಾಲುವೆ ತೋಡಿ, ಹೂಳು ತೆಗೆದು ಇಟ್ಟುಕೊಂಡಿದ್ದರು. ಕಬ್ಬು ಹೋದ ಮೇಲೆ ಆ ಕಾಲುವೆ ಯಾರಿಗೆ ಬೇಕು? ಈಗ ಜೋರು ಮಳೆ ಬಂದರೆ ಆ ಕಡೆಯ ರಸ್ತೆ, ಮನೆಗಳಿಗೆ ನೀರು ನುಗ್ಗುವುದು ಮಾಮೂಲಾಗಿದೆ.

ಇಲ್ಲಿ ನಡೆಯುತ್ತಿರುವುದೂ ಅದೇ ಅಲ್ವಾ? ನಮ್ಮ ಗದ್ದೆಯ ಪಕ್ಕ ಒಂದು ಹೊಸ ಲೇಔಟ್ ಆಗಿದೆ. ಮೊದಲು ಒಬ್ಬ ಆಳು ಇಳಿದು ನಿಂತು ಹೂಳೆತ್ತುವಷ್ಟು ಅಗಲದ ಬಸಿಗಾಲುವೆ ಇತ್ತು. ಈಗ ಅದರ ಮೇಲೆ ಗ್ರಾವೆಲ್ ಸುರಿದು ರಸ್ತೆ ಮಾಡಿ, ಕೆಳಗೆ ಒಂದು ಸಿಮೆಂಟ್ ಪೈಪ್ ಇಟ್ಟಿದ್ದಾರೆ. ಅರ್ಧ ಪೈಪ್ ಪ್ಲಾಸ್ಟಿಕ್ ಕವರ್, ಹುಲ್ಲು ತುಂಬಿಕೊಂಡು ಕಟ್ಟಿದೆ. ಮೇಲಿನ ಗದ್ದೆಯವರ ಭತ್ತ ನೀರಲ್ಲಿ ನಿಂತು ಕೊಳೆಯುತ್ತದೆ, ಸೈಟ್ ಕೊಂಡು ಮನೆ ಕಟ್ಟಿದವರ ಬಾಗಿಲಿಗೂ ಅದೇ ನೀರು. ಸಾಲ ಮಾಡಿ ಸೈಟ್ ತಗೊಂಡ ಆ ಜನರ ತಪ್ಪೇನಿದೆ? ಅವರಿಗೆ ಕಾಲುವೆ ಇತ್ತು ಅಂತಲೇ ಯಾರೂ ಹೇಳಿರುವುದಿಲ್ಲ. ಇನ್ನು ಗದ್ದೆಗೆ ನೀರು ತರುವ ಹೊಲಗಾಲುವೆ ಮುಚ್ಚಿದ ಕಡೆ ಕೊನೆ ಭಾಗದ ರೈತರಿಗೆ ನೀರು ತಲುಪುವುದು ಹೇಗೆ? ಮೊದಲೇ ಅವರು ಪ್ರತಿ ಬೆಳೆಗೂ ನೀರಿಗಾಗಿ ರಸ್ತೆಗಿಳಿಯುತ್ತಾರೆ.

ಲೇಔಟ್‌ಗೆ ಒಪ್ಪಿಗೆ ಕೊಡುವ ಅಧಿಕಾರಿಗಳಲ್ಲಿ ನನ್ನ ಕೇಳಿಕೆ ಇಷ್ಟೇ: ನಕ್ಷೆಯಲ್ಲಿ ರಸ್ತೆ, ಪಾರ್ಕ್ ತೋರಿಸುವ ಮೊದಲು ಹಳ್ಳ, ಹೊಲಗಾಲುವೆ, ಬಸಿಗಾಲುವೆ ಗುರುತಿಸಿ. ಅವುಗಳ ಅಗಲ ಕಡಿಮೆ ಮಾಡಲು ಬಿಡಬೇಡಿ. ನೀರಾವರಿ ಇಲಾಖೆಯವರು ಆಫೀಸಿನಲ್ಲಿ ಕೂತು ಸಹಿ ಹಾಕದೆ, ಆ ಗದ್ದೆಗಳಿಗೆ ನೀರು ಬಿಡುವ ಕೆಲಸಗಾರರನ್ನು ಜೊತೆಗೆ ಕರೆದುಕೊಂಡು ಬಂದು ನೋಡಲಿ, ಯಾವ ನೀರು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಬೇಸಿಗೆ ಭತ್ತ ಕೊಯ್ದ ಮೇಲೆ ಗದ್ದೆ ಖಾಲಿ ಇರುತ್ತದೆ, ಕಾಲುವೆ ಕಣ್ಣಿಗೆ ಕಾಣುತ್ತದೆ. ಮಳೆ ಶುರುವಾಗುವ ಮೊದಲು ಆ ಸರ್ವೆ ಮುಗಿಸಿ, ಮುಚ್ಚಿರುವ ಕಾಲುವೆಗಳನ್ನು ಲೇಔಟ್ ಮಾಡಿದವರ ಖರ್ಚಿನಲ್ಲೇ ತೆರೆಸಿ.

– ಒಬ್ಬ ರೈತ, ಬಾತಿ ಸಮೀಪ, ದಾವಣಗೆರೆ