‘ನಾವೇನು ಹಾಳಾಗಿಹೋದ್ವಾ?’ ಅನ್ನೋ ಮಾತಿನ ಬಗ್ಗೆ

ಸಂಪಾದಕರಿಗೆ ನಮಸ್ಕಾರ,

ಈಗಿನ ಹುಡುಗರು ಮಾತೆತ್ತಿದ್ರೆ ಟ್ರಾಮಾ (ಮನಸ್ಸಿಗಾದ ಆಳವಾದ ಗಾಯ) ಅಂತಾರೆ, ನಮಗೂ ಬೆಲ್ಟಲ್ಲಿ ಬಾರಿಸ್ತಿದ್ರು, ನಾವೇನು ಹಾಳಾಗಿಹೋದ್ವಾ ಅಂತ ನಾನೂ ಎಷ್ಟೋ ಸಲ ಹೇಳಿದೀನಿ. ನನ್ನ ಅಣ್ಣನೂ ಹಾಗೇ ಹೇಳ್ತಿದ್ದ. ಆದ್ರೆ ರಾತ್ರಿ ರೂಮಿನ ಲೈಟ್ ಆರಿಸೋಕೆ ಮಾತ್ರ ಯಾರನ್ನೂ ಬಿಡ್ತಿರಲಿಲ್ಲ, ಸಾಯೋವರೆಗೂ. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಫೆಲಿಟಿ, ಆಂಡಾ ಅನ್ನೋ ಡಾಕ್ಟರುಗಳು 17 ಸಾವಿರಕ್ಕೂ ಜಾಸ್ತಿ ದೊಡ್ಡವರನ್ನ ಅವರ ಬಾಲ್ಯದ ಬಗ್ಗೆ ಕೇಳಿದ್ರು. ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ, ಅಮ್ಮ ಏಟು ತಿನ್ನೋದನ್ನ ನೋಡ್ತಾ ಬೆಳೆದಿದ್ದು, ಮನೇಲಿ ಕುಡಿತದ ಚಟ, ಹೀಗೆ ನಾಲ್ಕು ಅಥವಾ ಹೆಚ್ಚು ಥರದ ಕಷ್ಟ ಕಂಡವರಿಗೆ, ಏನೂ ಕಾಣದವರಿಗಿಂತ ಕುಡಿತ, ಡ್ರಗ್ಸ್, ಡಿಪ್ರೆಶನ್, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಜಾಸ್ತಿ ಅಂತ, ಮೊದಲ ಸುತ್ತಿನ ಸುಮಾರು ಒಂಬತ್ತೂವರೆ ಸಾವಿರ ಜನರ ಉತ್ತರ ನೋಡಿ 1998ರಲ್ಲಿ ಪ್ರಕಟ ಮಾಡಿದ್ರು. ಕಷ್ಟ ಕಂಡವರೆಲ್ಲ ಹೀಗೇ ಆಗ್ತಾರೆ ಅಂತಲ್ಲ, ಅಪಾಯ ಹೆಚ್ಚು ಅಂತ ಅಷ್ಟೇ.

ನನ್ನ ಬಾಯಿ ಮುಚ್ಚಿಸಿದ್ದು 2003ರ ಇನ್ನೊಂದು ಲೇಖನ. ಆ ಅಧ್ಯಯನದ ಜನರನ್ನ ಹುಟ್ಟಿದ ವರ್ಷದ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡಿ ನೋಡಿದ್ರು, ಮೊದಲನೇ ಗುಂಪು 1900ರಿಂದ ಶುರು. ಕಾಲ ಬದಲಾಯ್ತು, ಸಮಾಜ ಬದಲಾಯ್ತು, ಆದ್ರೆ ಬಾಲ್ಯದ ನೋವಿಗೂ ಮುಂದಿನ ಡಿಪ್ರೆಶನ್, ಕುಡಿತ, ಆತ್ಮಹತ್ಯೆ ಯತ್ನಕ್ಕೂ ಇರೋ ನಂಟು ನಾಲ್ಕೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಅಂದ್ರೆ ನಮ್ಮ ಹಿರಿಯರು ಗಟ್ಟಿ, ಈಗಿನವರು ಮೆತ್ತಗೆ ಅನ್ನೋದು ಸುಳ್ಳು.

ಅಮೆರಿಕದ್ದೇ 2011ರಿಂದ 2020ರವರೆಗಿನ ಸಮೀಕ್ಷೆಗಳಲ್ಲಿ ನಾಲ್ಕು ಅಥವಾ ಹೆಚ್ಚು ಥರದ ನೋವು ಹೇಳಿಕೊಂಡವರು 25ರಿಂದ 34 ವಯಸ್ಸಿನವರಲ್ಲೇ ಅತಿ ಹೆಚ್ಚು, ಸುಮಾರು ನಾಲ್ಕರಲ್ಲಿ ಒಬ್ಬರು. ಬಾಲ್ಯವೇ ಕೆಟ್ಟುಹೋಯ್ತಾ, ಇಲ್ಲ ಹೇಳಿಕೊಳ್ಳೋ ಧೈರ್ಯ ಬಂತಾ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು, ಆದ್ರೆ ನನ್ನ ಕೇಳಿದ್ರೆ ನಮ್ಮ ವಯಸ್ಸಿನವರು ಏಟನ್ನ ಏಟು ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಅದಕ್ಕೆ ಶಿಸ್ತು ಅಂತ ಹೆಸರಿಟ್ಟು ಬೆಳೆದವರು ನಾವು. ಹೋದ ವರ್ಷ ಮಗಳು, ಅಪ್ಪಾ ನಿಂಗೆ ಮೊದಲನೇ ಸಲ ಹೊಡೆದಾಗ ಎಷ್ಟು ವಯಸ್ಸು ಅಂತ ಕೇಳಿದ್ಲು, ಐದು ಅಂತ ಹೇಳೋಷ್ಟರಲ್ಲಿ ಗಂಟಲು ಕಟ್ಟಿಹೋಯ್ತು.

ನಿಮ್ಮ ಪತ್ರಿಕೇಲಿ ಈ ವಿಷಯ ಬಂದಾಗಲೆಲ್ಲ ಮಕ್ಕಳ ಬಗ್ಗೆ, ಯುವಕರ ಬಗ್ಗೆ ಬರೀತೀರಿ, ಬರೀಲೇಬೇಕು. ಒಂದ್ಸಲ 60 ದಾಟಿದವರ ಹತ್ರನೂ ಹೋಗಿ ಕೇಳಿ ಬರೀರಿ.

ಇಂತಿ,
ನಿಮ್ಮ ಹಳೇ ಓದುಗ