ಹೆಸರು ಮುಚ್ಚಿಟ್ಟವರು ಪದವಿಯನ್ನೂ ಮುಚ್ಚಿಡಲಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ನಡೆದ ಹೊನಲು ಬೆಳಕಿನ ಕಬಡ್ಡಿ ಪಂದ್ಯವೊಂದರ ಗಲಾಟೆಯ ಸುದ್ದಿ ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ‘ತೀರ್ಪು ಸಂಪೂರ್ಣ ತಪ್ಪು ಎಂದು ಹೆಸರು ಹೇಳಲಿಚ್ಛಿಸದ ರಾಷ್ಟ್ರಮಟ್ಟದ ತೀರ್ಪುಗಾರರೊಬ್ಬರು ತಿಳಿಸಿದ್ದಾರೆ’ ಎಂಬ ಸಾಲು ಅದರಲ್ಲಿತ್ತು. ಆ ತೀರ್ಪು ಕೊಟ್ಟವನು ನಾನು. ನನ್ನ ಹೆಸರು, ನಾನು ಪಾಠ ಮಾಡಿದ ಶಾಲೆಯ ಹೆಸರು ಎರಡೂ ಸುದ್ದಿಯಲ್ಲಿದ್ದವು. ಬೇಸರವಿಲ್ಲ. ಸೀಟಿ ಹಿಡಿದು ಅಂಕಣಕ್ಕೆ ಇಳಿದವನ ಹೆಸರು ಎಲ್ಲರಿಗೂ ಗೊತ್ತಿರಲೇಬೇಕು. ಆದರೆ ಆ ರಾಷ್ಟ್ರಮಟ್ಟದವರ ವಿಷಯದಲ್ಲಿ ನನಗೆ ಹೇಳಬೇಕಾದದ್ದಿದೆ.

ಅವತ್ತು ನಡೆದದ್ದು ಇಷ್ಟು. ದ್ವಿತೀಯಾರ್ಧ ಮುಗಿಯಲು ಸ್ವಲ್ಪವೇ ಸಮಯ ಉಳಿದಿತ್ತು. ಎದುರು ಆರು ಜನ ಇದ್ದರು, ಅಂದರೆ ಬೋನಸ್‌ಗೆ, ಎದುರಾಳಿಯ ಅಂಕಣದ ಬೋನಸ್ ಗೆರೆ ದಾಟಿದರೆ ಸಿಗುವ ಹೆಚ್ಚಿನ ಅಂಕಕ್ಕೆ, ಅವಕಾಶವಿತ್ತು. ದಾಳಿಗೆ ಹೋದ ರೈಡರ್ ಹುಡುಗ ಎಡಗಾಲನ್ನು ಬೋನಸ್ ಗೆರೆಯ ಆಚೆಗೆ ಚೆನ್ನಾಗಿಯೇ ಇಟ್ಟ. ಆದರೆ ಗೆರೆ ದಾಟುವ ಆ ಕ್ಷಣದಲ್ಲಿ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಅವನ ಬಲಗಾಲಿನ ಹೆಬ್ಬೆರಳು ಮಣ್ಣಿನಲ್ಲೇ ಇತ್ತು. ರೈಡ್ ಮುಗಿದ ಮೇಲೂ ಅಲ್ಲಿ ಬೆರಳಿನಷ್ಟು ಅಗಲದ ಒಂದು ಗೀರು ಉಳಿದಿತ್ತು, ಅದನ್ನು ನಾನು ಕ್ಯಾಪ್ಟನ್‌ಗೆ ಬಗ್ಗಿ ತೋರಿಸಿದೆ. ಬೋನಸ್ ಕೊಡಲಿಲ್ಲ. ಆ ತಂಡ ಒಂದು ಅಂಕದಿಂದ ಸೋತಿತು.

ರಾತ್ರಿ ಹನ್ನೊಂದಕ್ಕೆಲ್ಲ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಎದುರು ಬದಿಯಿಂದ ಮೊಬೈಲ್‌ನಲ್ಲಿ ತೆಗೆದದ್ದು. ಎಡಗಾಲು ಕಾಣುತ್ತದೆ, ಬಲಗಾಲಿಗೆ ಡಿಫೆಂಡರ್ ಒಬ್ಬ ಅಡ್ಡ ನಿಂತಿದ್ದಾನೆ. ಅದರ ಕೆಳಗೆ, ಚಿತ್ರವೂ ಹೆಸರೂ ಇಲ್ಲದ ಒಂದು ಖಾತೆಯಿಂದ ಹೀಗೆ ಬಂತು: ‘ನಾನು ರಾಷ್ಟ್ರಮಟ್ಟದ ರೆಫ್ರಿ. ಹಿಂದಿನ ಕಾಲು ಎತ್ತಬೇಕೆನ್ನುವ ನಿಯಮ ಮ್ಯಾಟ್‌ಗೆ ಮಾತ್ರ, ಮಣ್ಣಿನ ಅಂಕಣಕ್ಕಿಲ್ಲ. ಇದು ಮೋಸ.’

ಕಬಡ್ಡಿಯ ನಿಯಮ ಪುಸ್ತಕ ತೆರೆದವರು ಯಾರೂ ಈ ಮಾತು ಹೇಳಲಾರರು. ಮಣ್ಣಿಗೊಂದು, ಮ್ಯಾಟ್‌ಗೊಂದು ಬೋನಸ್ ಇಲ್ಲ. ಆದರೆ ಯಾರೂ ಪುಸ್ತಕ ತೆರೆಯಲಿಲ್ಲ, ‘ರಾಷ್ಟ್ರಮಟ್ಟದ ರೆಫ್ರಿ’ ಎಂಬುದೇ ಸಾಕಾಯಿತು. ನಾನೇ ಆಟ ಕಲಿಸಿದ ಹುಡುಗನೊಬ್ಬ ಮಾರನೆಯ ದಿನ ಸಂತೆಯಲ್ಲಿ ಸಿಕ್ಕು, ‘ಸಾ, ನ್ಯಾಷನಲ್ ರೆಫ್ರಿನೇ ತಪ್ಪು ಅಂತವ್ರಲ್ಲ ಸಾ’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಬಗ್ಗೆ ಮರುಕವಿತ್ತು. ಆಮೇಲೆ ಅದೇ ಮಾತು ನಿಮ್ಮ ಪತ್ರಿಕೆಯಲ್ಲೂ ಅಚ್ಚಾಯಿತು.

ಇನ್ನೊಂದು ಸಂಗತಿ ಹೇಳದಿದ್ದರೆ ನಾನೂ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಗುಂಪಿನಲ್ಲಿ ಇನ್ನೊಬ್ಬರಿದ್ದರು. ಅವರೂ ಹೆಸರು ಹಾಕಿರಲಿಲ್ಲ, ಆದರೆ ತಾನು ಯಾರು, ಎಷ್ಟು ವರ್ಷದ ಅನುಭವ ಎಂಬುದನ್ನೂ ಬರೆದಿರಲಿಲ್ಲ. ಬರೆದದ್ದು ಎರಡೇ ಸಾಲು: ‘ಬೋನಸ್ ಬಿಡಿ. ಮೊದಲಾರ್ಧದ ವಿಡಿಯೊದಲ್ಲಿ ಕ್ಯಾಚ್ ಆದಾಗ ಅಂಕಣದಲ್ಲಿ ಎಷ್ಟು ಜನ ಇದ್ದರು, ಎಣಿಸಿ ನೋಡಿ.’ ನಾನು ಎಣಿಸಿದೆ. ಮೂವರಿದ್ದರು. ನಾಲ್ಕನೆಯವನೆಂದು ನಾನು ಅಂದುಕೊಂಡದ್ದು ಆಗಷ್ಟೇ ಔಟಾಗಿ ಲಾಬಿ, ಅಂದರೆ ಅಂಕಣದ ಪಕ್ಕದ ಪಟ್ಟಿ, ದಾಟಿ ಹೊರಗೆ ಹೋಗುತ್ತಿದ್ದ ಆಟಗಾರನನ್ನು. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ನಾನು ಒಂದು ಬೆರಳು ಎತ್ತಿದ್ದೆ. ಆ ಅಂಕ ಸೋತ ತಂಡದ್ದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅದೇ ಗುಂಪಿನಲ್ಲಿ ನನ್ನ ಹೆಸರು ಹಾಕಿ, ‘ಬೋನಸ್ ತೀರ್ಪು ಸರಿ ಇದೆ, ಸೂಪರ್ ಟ್ಯಾಕಲ್ ನನ್ನ ತಪ್ಪು’ ಎಂದು ಬರೆದೆ. ಸೋತ ತಂಡದ ಕ್ಯಾಪ್ಟನ್‌ಗೆ ಫೋನ್ ಮಾಡಿಯೂ ಹೇಳಿದೆ. ಫಲಿತಾಂಶವೇನೂ ಬದಲಾಗಲಿಲ್ಲ.

ಆದ್ದರಿಂದ ಹೆಸರಿಲ್ಲದೆ ಮಾತಾಡುವವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ತೀರ್ಪುಗಾರರು ಹೆಸರು ಮುಚ್ಚಿಡುವುದಕ್ಕೆ ಕಾರಣಗಳಿವೆ. ನಮ್ಮಲ್ಲಿ ಬಹುಪಾಲು ಮಂದಿ ಪಿ.ಟಿ. ಮೇಷ್ಟ್ರುಗಳು, ಸರ್ಕಾರಿ ನೌಕರಿಯ ಭಯ ಇದ್ದೇ ಇದೆ. ಸಂಘದವರ ವಿರುದ್ಧ ಮಾತಾಡಿದರೆ ಮುಂದಿನ ಪಂದ್ಯಾವಳಿಯ ಅಫಿಷಿಯಲ್ಸ್ ಪಟ್ಟಿಯಿಂದ ಹೆಸರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಹಳ್ಳಿಯಲ್ಲಂತೂ ತೀರ್ಪಿಗೆ ಜಾತಿಯ ಬಣ್ಣ, ಪಕ್ಷದ ಬಣ್ಣ ಬಳಿಯುವುದಕ್ಕೆ ಅರ್ಧ ಗಂಟೆ ಸಾಕು. ಹೊಸದಾಗಿ ಪರೀಕ್ಷೆ ಪಾಸಾದ ಹುಡುಗರು, ಹೆಣ್ಣುಮಕ್ಕಳು ಒಂದು ಸಂದೇಹ ಕೇಳುವುದಕ್ಕೂ ಹೆದರುತ್ತಾರೆ. ಅಂಥವರು ಹೆಸರಿಲ್ಲದೆ ಕೇಳಲಿ, ನಮ್ಮ ತಪ್ಪು ತೋರಿಸಲಿ.

ಆದರೆ ಹೆಸರು ಹೇಳದವರು ಪದವಿಯನ್ನೂ ಹೇಳಬಾರದು. ರಾಷ್ಟ್ರಮಟ್ಟದವನು ಎಂದರೆ ಕೇಳುವವನು ನಿಯಮ ನೋಡುವುದನ್ನು ಬಿಟ್ಟು ಆ ಪದವಿಯನ್ನು ನಂಬುತ್ತಾನೆ. ನಂಬಿ ಎಂದು ಕೇಳುವವನು ನಾಳೆ ತಪ್ಪಾದರೆ ಉತ್ತರ ಕೊಡಲು ಸಿಗಬೇಕಲ್ಲವೇ? ಅದರ ಮೇಲೆ ಇನ್ನೊಬ್ಬ ತೀರ್ಪುಗಾರನ ಹೆಸರು ಹಿಡಿದು ‘ಮೋಸ’ ಎನ್ನುವುದು, ತನ್ನ ಹೆಸರು ಮಾತ್ರ ಜೇಬಿನಲ್ಲಿಟ್ಟುಕೊಳ್ಳುವುದು ಅನ್ಯಾಯ. ನಾನು ಲೆಕ್ಕ ತಪ್ಪಿದ್ದೇನೆ, ಮೋಸ ಮಾಡಿಲ್ಲ.

ನಿಜವಾದ ರಾಷ್ಟ್ರ, ಅಂತರರಾಷ್ಟ್ರೀಯ ಮಟ್ಟದವರೂ ಎಡವುವ ಆಟ ಇದು. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ–ಇರಾನ್ ಪುರುಷರ ಫೈನಲ್ ನಡೆದದ್ದನ್ನು ಓದುಗರು ಮರೆತಿರಲಾರರು. 28–28ರ ಸಮಬಲ, ಕೊನೆಯ ನಿಮಿಷ, ಅಂಕ ತರದಿದ್ದರೆ ರೈಡರ್ ಔಟಾಗುವ ಡು ಆರ್ ಡೈ ರೈಡ್. ಬೆಂಗಳೂರು ಬುಲ್ಸ್‌ಗೆ 2019ರ ಜನವರಿಯಲ್ಲಿ ಕಪ್ ಗೆದ್ದುಕೊಟ್ಟ ನಮ್ಮ ಹುಡುಗರ ಅಚ್ಚುಮೆಚ್ಚಿನ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟುವ ಮೊದಲೇ, ಅಂದರೆ ಕಾಲಿಡಬಾರದ ಹೊತ್ತಿನಲ್ಲಿ, ಲಾಬಿಗೆ ಕಾಲಿಟ್ಟರು. ಇರಾನಿನವರು ಅವರ ಹಿಂದೆಯೇ ನುಗ್ಗಿದರು. ಹಳೆಯ ನಿಯಮ ಹಿಡಿದರೆ ಬೆನ್ನಟ್ಟಿ ಬಂದವರೂ ಔಟ್. ಪ್ರೊ ಕಬಡ್ಡಿಯ ಹೊಸ ನಿಯಮ ಹಿಡಿದರೆ ರೈಡರ್ ಒಬ್ಬನೇ ಔಟ್. ತೀರ್ಪು ಅತ್ತಿಂದಿತ್ತ ಓಲಾಡಿತು, ಪಂದ್ಯ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತಕ್ಕೆ ಮೂರು, ಇರಾನಿಗೆ ಒಂದು ಅಂಕ ಕೊಟ್ಟು ಆಟ ಮುಂದುವರಿಯಿತು, ಭಾರತ 33–29ರಿಂದ ಗೆದ್ದಿತು. ಅಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ‘ಈ ಪಂದ್ಯಾವಳಿಗೆ ಯಾವ ಪುಸ್ತಕ?’ ಎಂಬುದು. ಆ ಪ್ರಶ್ನೆಗೆ ಯಾರ ಪದವಿಯೂ ಉತ್ತರವಾಗುವುದಿಲ್ಲ. ನಮ್ಮ ತಾಲ್ಲೂಕು ಪಂದ್ಯಗಳಲ್ಲೂ ಇದೇ ತೊಂದರೆ: ಒಂದು ಊರಿನಲ್ಲಿ ಪ್ರೊ ಮಾದರಿ, ಪಕ್ಕದ ಊರಿನಲ್ಲಿ ಹಳೆಯದು. ಟಾಸ್‌ಗೆ ಮುಂಚೆ ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು ಇದನ್ನು ಹೇಳುವ ಸಂಘಟಕರು ತೀರಾ ಕಡಿಮೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಈ ಅಂಕಣಕ್ಕೆ ಪತ್ರ ಬರೆಯುವವರು ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ನೀವು ಕೇಳುತ್ತೀರಿ, ನಾನೂ ಕೊಟ್ಟಿದ್ದೇನೆ. ತೀರ್ಪಿನ ಬಗ್ಗೆ ಅಭಿಪ್ರಾಯ ಕೊಟ್ಟವರು ಹೆಸರು ಬೇಡ ಎಂದರೆ ‘ರಾಷ್ಟ್ರಮಟ್ಟದ’ ಎಂಬ ಮಾತನ್ನೂ ತೆಗೆದುಬಿಡಿ. ಅವರು ಹೇಳುವ ನಿಯಮ ಯಾವುದೆಂದು ಕೇಳಿ, ಅದನ್ನು ಅಚ್ಚು ಹಾಕಿ. ನಿಯಮ ತೋರಿಸಲು ಅವರಿಗೆ ಆಗದಿದ್ದರೆ ಆ ಸಾಲೇ ಬೇಡ. ಇನ್ನು ಜಿಲ್ಲಾ ಸಂಘದವರು, ಪಂದ್ಯಾವಳಿ ಮುಗಿದ ಮೇಲೆ ಒಂದು ಭಾನುವಾರ ತೀರ್ಪುಗಾರರನ್ನೆಲ್ಲ ಕೂರಿಸಿ ವಿಡಿಯೊ ತೋರಿಸಲಿ. ತಪ್ಪು ಒಪ್ಪಿಕೊಂಡವನನ್ನು ಪಟ್ಟಿಯಿಂದ ತೆಗೆಯುವುದಿಲ್ಲ ಎಂಬ ಭರವಸೆ ಅಲ್ಲಿ ಸಿಗಬೇಕು, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಮುಂದಿನ ತಿಂಗಳು ಅದೇ ಊರಿನಲ್ಲಿ ಮತ್ತೆ ಪಂದ್ಯಗಳಿವೆ. ಸಂಘಟಕರು ನನ್ನನ್ನೇ ಕರೆದಿದ್ದಾರೆ, ಹೋಗುತ್ತೇನೆ. ಎರಡನೇ ಅಂಪೈರ್ ಇನ್ನೂ ಸಿಕ್ಕಿಲ್ಲವಂತೆ. ಅಂಕಣದಲ್ಲಿದ್ದ ಆ ಮೂವರನ್ನು ಎಣಿಸಿದವರು ತೀರ್ಪುಗಾರರೇ ಆಗಿದ್ದು, ಈ ಪತ್ರ ಓದಿದ್ದರೆ, ದಯವಿಟ್ಟು ನನಗೊಂದು ಫೋನ್ ಮಾಡಲಿ.

– ಸಿದ್ದರಾಜು ಎಚ್.ಎಂ., ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ನಾಗಮಂಗಲ