ಮಗಳಿಗೊಂದು ಪತ್ರ: ನಮ್ಮ ತೋಟದಲ್ಲಿ ಜಿನ್ಸೆಂಗ್ ಬೆಳೆದೀತೇ?

ಹೆಬ್ರಿ, ಉಡುಪಿ ಜಿಲ್ಲೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಡಿಕೆ ಮರಗಳ ನೆರಳಿನಲ್ಲಿ, ಬೇರಿಗಾಗಿ ಬೆಳೆಯುವ ಔಷಧಿ ಗಿಡ ಜಿನ್ಸೆಂಗ್ ಹಾಕಿದರೆ ಹೇಗೆ ಎಂದು ಕೇಳಿದ್ದೆಯಲ್ಲ, ಫೋನಿನಲ್ಲಿ ಒಂದೇ ಮಾತಿಗೆ ಬೇಡವೆನ್ನುವುದು ಸರಿಕಾಣದೆ ಬರೆಯುತ್ತಿದ್ದೇನೆ. ನಿನ್ನ ಯೋಚನೆಯಲ್ಲಿ ಅರ್ಧ ಸರಿಯಿದೆ. ಈಶಾನ್ಯ ಚೀನಾದ ಜಿಲಿನ್ ಪ್ರಾಂತ್ಯದ ಚಾಂಗ್‌ಬಾಯ್ ಬೆಟ್ಟಗಳಂಥ ಕಡೆ ದೊಡ್ಡ ಮರಗಳ ಅಡಿಯಲ್ಲಿ ಬೆಳೆದು ಬಂದ ಗಿಡವಾದ್ದರಿಂದ, ಅದನ್ನು ಬಯಲಿನಲ್ಲಿ ಬೆಳೆಯುವವರೂ ಚಪ್ಪರ ಹಾಕಿ ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ತಡೆಯುತ್ತಾರೆ. ನಮ್ಮ ತೋಟ ನೆರಳನ್ನೇನೋ ಕೊಟ್ಟೀತು, ಚಳಿಯನ್ನು ಎಲ್ಲಿಂದ ತರೋಣ?

ಕೆಂಪು ಹಣ್ಣು ಮಾಗಿದಾಗಲೂ ಅದರ ಬೀಜದೊಳಗಿನ ಭ್ರೂಣ ಪೂರ್ತಿ ಬೆಳೆದಿರುವುದಿಲ್ಲ. ತಿರುಳು ತೆಗೆದ ಬೀಜವನ್ನು ತೇವದ ಮರಳಿನಲ್ಲಿ ಮೊದಲು ಬೆಚ್ಚಗೆ, ಆಮೇಲೆ ತಿಂಗಳುಗಟ್ಟಲೆ ತಣ್ಣಗೆ ಇಟ್ಟರೆ ಮಾತ್ರ ಮೊಳಕೆಯೊಡೆಯುತ್ತದೆ; ಕಾಡಿನಲ್ಲಿ ಉದುರಿದ ಬೀಜಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಮುಂದೆ ಪ್ರತಿ ಚಳಿಗಾಲದಲ್ಲೂ ಕಾಂಡ ಸತ್ತು ಬೇರಿನ ಕುತ್ತಿಗೆಯಲ್ಲಿ ಒಂದು ಗುರುತು ಉಳಿಯುತ್ತದೆ, ಬಲ್ಲವರು ಅದನ್ನು ಎಣಿಸಿ ಬೇರಿನ ಪ್ರಾಯ ಹೇಳುತ್ತಾರೆ. ಡಿಸೆಂಬರಿನ ಬೆಳಗಿನ ಜಾವದಲ್ಲೂ 20 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮೂರಿನ ಹವೆಯನ್ನು ಆ ಗಿಡ ಚಳಿಗಾಲವೆಂದು ಒಪ್ಪುವುದಿಲ್ಲ.

ಇನ್ನು ಮಳೆ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಸುರಿಯುವ ಈ ಜಿಲ್ಲೆಯಲ್ಲಿ, ನೀರು ನಿಂತರೆ ಕೊಳೆಯುವ ಬೇರನ್ನು ಜಡಿಮಳೆಯ ಆಟಿ ತಿಂಗಳು ದಾಟಿಸುವುದು ಸುಲಭವಲ್ಲ. ಜಿನ್ಸೆಂಗನ್ನು ಕಾಡುವ ರೋಗಾಣುಗಳಲ್ಲಿ ಫೈಟಾಫ್ತೊರಾ ಒಂದು. ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲದ್ದು. ಗೊನೆಗಾದರೆ ಮಳೆ ಬಿಟ್ಟ ಹೊತ್ತು ನೋಡಿ ಬೋರ್ಡೋ ದ್ರಾವಣ ಹೊಡೆಸಬಹುದು, ಮಣ್ಣಿನೊಳಗಿನ ಬೇರಿಗೆ ಏನು ಮಾಡೋಣ?

ಜಿನ್ಸೆಂಗ್ ಬೆಳೆಯುವವರ ಕೊಯ್ಲಿನ ಕ್ರಮವನ್ನು ಮಾತ್ರ ಮೆಚ್ಚಬೇಕು. ನಾಲ್ಕರಿಂದ ಆರು ವರ್ಷ ಕಾದು, ಸೆಪ್ಟೆಂಬರ್ ಹೊತ್ತಿಗೆ ಎಲೆ ಹಳದಿಯಾದ ಮೇಲೆ, ಕೂದಲಿನಂಥ ಎಳೆಬೇರೂ ಹರಿಯದಂತೆ ಅಗೆಯುತ್ತಾರೆ, ಏಕೆಂದರೆ ತುಂಡಾದ ಬೇರಿಗೆ ಬೆಲೆ ಕಡಿಮೆ. ಕಾಡಿನ ಜಿನ್ಸೆಂಗ್ ಹುಡುಕುವವರಂತೂ ಗಿಡಕ್ಕೆ ಕೆಂಪು ದಾರ ಕಟ್ಟಿ, ಜಿಂಕೆಯ ಎಲುಬಿನ ಕಡ್ಡಿಯಿಂದ ಮಣ್ಣು ಬಿಡಿಸುವ ಸಂಪ್ರದಾಯವಿದೆ. ಪಿಕ್ಕಾಸು ಹಿಡಿದು ರೂಢಿಯಾದ ನಮ್ಮ ಕೈಗೆ ಅಷ್ಟು ತಾಳ್ಮೆ ಬಂದೀತೆಂದು ನನಗೆ ನಂಬಿಕೆಯಿಲ್ಲ. ತೊಳೆದು ಹಾಗೆಯೇ ಒಣಗಿಸಿದರೆ ಬಿಳಿ ಜಿನ್ಸೆಂಗ್, ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಕೆಂಪು. ಆದರೆ ಒಮ್ಮೆ ಬೆಳೆದ ನೆಲದಲ್ಲಿ ಬೇರು ಕೊಳೆಯುವ ರೋಗ ನೆಲೆಯೂರುವುದರಿಂದ, ಹತ್ತು ವರ್ಷಕ್ಕೂ ಮಿಕ್ಕಿ ಅದನ್ನೇ ಮತ್ತೆ ಹಾಕುವಂತಿಲ್ಲ. ಬೆಲೆಯನ್ನಷ್ಟೇ ಹೇಳುವವರು ಈ ಲೆಕ್ಕವನ್ನು ಹೇಳುವುದಿಲ್ಲ.

ಬೇರಿನ ಬೆಳೆಯೇ ಬೇಕೆಂದಿದ್ದರೆ ಶತಾವರಿಯನ್ನು ಯೋಚಿಸು. ಅಜ್ಜಿ ಹಲವು ಮಕ್ಕಳ ತಾಯಿ ಬೇರು ಎನ್ನುತ್ತಿದ್ದುದು ಇದನ್ನೇ. ಇದರ ದಾಯಾದಿಯೊಂದನ್ನು ಚೀನಾದ ವೈದ್ಯದಲ್ಲೂ ಬಳಸುತ್ತಾರೆ. ಅಲ್ಲಿಯೂ ಗೆಡ್ಡೆಬೇರನ್ನು ಬೇಯಿಸಿ, ಬಿಸಿಯಿರುವಾಗಲೇ ಸಿಪ್ಪೆ ಸುಲಿದು ಒಣಗಿಸುತ್ತಾರೆ. ತೋಟದ ಮೇಲಂಚಿನ ಇಳಿಜಾರಿನಲ್ಲಿ ನೀರು ನಿಲ್ಲದು, ನೆರಳೂ ಅತಿಯಾಗದು. ಅಲ್ಲಿ ಏರು ಮಾಡಿ, ಹಟ್ಟಿಗೊಬ್ಬರ ಹಾಕಿ, ಬಳ್ಳಿಗೆ ಊರುಗೋಲು ಕೊಟ್ಟರೆ ಒಂದೂವರೆ ಎರಡು ವರ್ಷದಲ್ಲಿ, ಮಳೆ ಮುಗಿದ ಮೇಲೆ ಅಗೆಯಬಹುದು.

ಅಡಿಕೆಯನ್ನು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಒಯ್ದು ಕೊಟ್ಟಷ್ಟು ಸಲೀಸಾಗಿ ಬೇರನ್ನು ಮಾರಲಾಗದು. ನೀನು ಬೆಂಗಳೂರಿನಲ್ಲೇ ಇರುವೆಯಾದ್ದರಿಂದ, ಔಷಧ ತಯಾರಿಸುವವರು ಹಸಿ ಬೇರನ್ನೇ ಕೊಳ್ಳುತ್ತಾರೋ, ಸುಲಿದು ಒಣಗಿಸಿದ್ದನ್ನೇ ಕೇಳುತ್ತಾರೋ ವಿಚಾರಿಸಿ ತಿಳಿಸು. ಎಷ್ಟು ಸಾಲು ಹಾಕುವುದೆಂದು ಆಮೇಲೆ ನಿರ್ಧರಿಸೋಣ.

ಇಂತು,
ನಿನ್ನ ಅಪ್ಪ